ಅಪಘಾತವೋ, ಅಪರಾಧವೋ?

ಸಹ್ಯಾದ್ರಿಯ ಮಡಿಲಲ್ಲಿರುವ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ರಸ್ತೆಗಳು ನೇರವಾದವುಗಳಲ್ಲ. ಅವು ಗುಡ್ಡಗಳನ್ನು ಬಳಸಿ, ಅಡಕೆ ತೋಟಗಳ ಅಂಚು ಹಿಡಿದು, ಹಳ್ಳಗಳನ್ನು ದಾಟಿ ಸಾಗುತ್ತವೆ. ತೀರ್ಥಹಳ್ಳಿಯಿಂದ ಉಡುಪಿಗೆ ಹೋಗುವವರು ಆಗುಂಬೆ ಘಾಟಿಯನ್ನೂ, ಹೊಸನಗರದಿಂದ ಕುಂದಾಪುರಕ್ಕೆ ಹೋಗುವವರು ಹುಲಿಕಲ್ ಘಾಟಿಯನ್ನೂ ಇಳಿಯಬೇಕು. ಮಳೆಗಾಲದಲ್ಲಿ ಮಂಜು ಕವಿದಾಗ ಹತ್ತು ಮಾರು ಆಚೆಗಿನ ವಸ್ತುವೂ ಕಣ್ಣಿಗೆ ಬೀಳದು. ಇಂಥ ದಾರಿಗಳಲ್ಲಿ ವಾಹನ ನಡೆಸುವವರ ಕೈಯಲ್ಲಿ ತಮ್ಮ ಪ್ರಾಣದ ಜೊತೆಗೆ ದಾರಿಹೋಕರ ಪ್ರಾಣವೂ ಇರುತ್ತದೆ.

ಕಾರೊಂದು ಬಡಿದು ಒಬ್ಬರು ಮೃತಪಟ್ಟರೆಂದರೆ ಊರಿಗೆ ಊರೇ ರಸ್ತೆಯಲ್ಲಿ ಸೇರುತ್ತದೆ. ಬೆಳಗ್ಗೆ ಡೈರಿಗೆ ಹಾಲು ಹಾಕಲು ಹೋದವನು ಮನೆಗೆ ಮರಳಲಿಲ್ಲವೆಂದರೆ ಆ ಮನೆಯವರ ದುಃಖಕ್ಕೆ ಅಳತೆಯಿಲ್ಲ. “ಚಾಲಕನನ್ನು ಜೈಲಿಗೆ ಹಾಕಬೇಕು” ಎಂದು ಒಬ್ಬರು ಕೂಗುತ್ತಾರೆ. “ಅವನೇನು ಬೇಕೆಂದು ಮಾಡಿದನೆ? ಎಲ್ಲ ಹಣೆಬರಹ” ಎಂದು ಇನ್ನೊಬ್ಬರು ನಿಟ್ಟುಸಿರು ಬಿಡುತ್ತಾರೆ. ಕಾನೂನು ಈ ಎರಡು ಮಾತುಗಳಲ್ಲಿ ಯಾವುದನ್ನೂ ಹಾಗೆಯೇ ಒಪ್ಪುವುದಿಲ್ಲ. ಸಾವು ಸಂಭವಿಸಿತೆಂಬ ಒಂದೇ ಕಾರಣದಿಂದ ಯಾರೂ ಅಪರಾಧಿಯಾಗುವುದಿಲ್ಲ. ಬೇಕೆಂದು ಮಾಡಲಿಲ್ಲವೆಂಬ ಒಂದೇ ಕಾರಣದಿಂದ ಯಾರೂ ನಿರಪರಾಧಿಯೂ ಆಗುವುದಿಲ್ಲ. ಹಾಗಾದರೆ ಅಪಘಾತವನ್ನೂ ಅಪರಾಧವನ್ನೂ ಬೇರ್ಪಡಿಸುವ ಗೆರೆ ಯಾವುದು?

1860ರ ಭಾರತೀಯ ದಂಡಸಂಹಿತೆಯಲ್ಲಿ ಮೊದಲಿಗೆ ಈ ಪ್ರಶ್ನೆಗೆ ನೇರವಾದ ಉತ್ತರವಿರಲಿಲ್ಲ. 1870ರಲ್ಲಿ ಅದಕ್ಕೆ 304-ಎ ಎಂಬ ಕಲಮನ್ನು ಸೇರಿಸಲಾಯಿತು. ಆಗ ದಾರಿಗಳಲ್ಲಿ ಓಡುತ್ತಿದ್ದುದು ಎತ್ತಿನ ಗಾಡಿ, ಕುದುರೆ ಗಾಡಿಗಳು. ಮೋಟಾರು ವಾಹನ ನಮ್ಮ ದೇಶಕ್ಕೆ ಬಂದಿರಲಿಲ್ಲ. ದುಡುಕಿನಿಂದಾಗಲಿ ನಿರ್ಲಕ್ಷ್ಯದಿಂದಾಗಲಿ ಒಬ್ಬರ ಸಾವಿಗೆ ಕಾರಣರಾದವರಿಗೆ ಗರಿಷ್ಠ 2 ವರ್ಷಗಳ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ಆ ಕಲಮು ವಿಧಿಸಿತ್ತು. 2024ರ ಜುಲೈ 1ರಂದು ದಂಡಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿತು. ಅದರ 106ನೆಯ ಕಲಮು ಈ ಅಪರಾಧದ ಗರಿಷ್ಠ ಸೆರೆವಾಸವನ್ನು 5 ವರ್ಷಗಳಿಗೆ ಏರಿಸಿತು.

ದುಡುಕು ಮತ್ತು ನಿರ್ಲಕ್ಷ್ಯ ಒಂದೇ ಅಲ್ಲ. ಅಲಹಾಬಾದಿನ ಉಚ್ಚ ನ್ಯಾಯಾಲಯವು 1881ರಷ್ಟು ಹಿಂದೆಯೇ ಇವೆರಡರ ಭೇದವನ್ನು ವಿವರಿಸಿತು. ಅಪಾಯವಿದೆಯೆಂದು ತಿಳಿದೂ, ಏನೂ ಆಗಲಾರದೆಂಬ ಧೈರ್ಯದಿಂದ ಮುನ್ನುಗ್ಗುವುದು ದುಡುಕು. ವಿವೇಕವುಳ್ಳ ಸಾಮಾನ್ಯ ಮನುಷ್ಯನು ವಹಿಸಬಹುದಾದ ಎಚ್ಚರಿಕೆಯನ್ನು ವಹಿಸದೆ ಇರುವುದು ನಿರ್ಲಕ್ಷ್ಯ.

ಈ ಭೇದವನ್ನು ಮೂರು ಉದಾಹರಣೆಗಳಿಂದ ತಿಳಿಯಬಹುದು. ಆಗುಂಬೆಯ ತಿರುವಿನಲ್ಲಿ ಒಬ್ಬನು ದೀಪ ಹಚ್ಚಿಕೊಂಡು, ನಿಧಾನವಾಗಿ, ತನ್ನ ಎಡಬದಿಯಲ್ಲೇ ಕಾರು ನಡೆಸುತ್ತಿದ್ದಾನೆಂದು ಭಾವಿಸೋಣ. ಮಳೆಗೆ ಸಡಿಲಗೊಂಡ ಮಣ್ಣು ಒಮ್ಮೆಲೆ ಕುಸಿದು ಕಾರನ್ನು ಪಕ್ಕಕ್ಕೆ ತಳ್ಳುತ್ತದೆ. ಅಲ್ಲಿ ನಿಂತಿದ್ದವರೊಬ್ಬರು ಸಾಯುತ್ತಾರೆ. ಇದು ಅಪರಾಧವಲ್ಲ. ತಕ್ಕ ಎಚ್ಚರಿಕೆಯಿಂದ ಮಾಡಿದ ನ್ಯಾಯಬದ್ಧವಾದ ಕೆಲಸದಲ್ಲಿ ಆಕಸ್ಮಿಕವಾಗಿ ಸಂಭವಿಸಿದ ಹಾನಿಯನ್ನು ಕಾನೂನು ದಂಡಿಸುವುದಿಲ್ಲ. ಹುಲಿಕಲ್ಲಿನ ಇಳಿಜಾರಿನಲ್ಲಿ ಇನ್ನೊಬ್ಬನು ಬ್ರೇಕು ಸರಿಯಿಲ್ಲವೆಂದು ತಿಳಿದೂ ಲಾರಿ ಇಳಿಸಿದರೆ, ಅದರಿಂದಾದ ಸಾವಿಗೆ ಅವನ ದುಡುಕೇ ಕಾರಣ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯ ಜನಸಂದಣಿಯೊಳಕ್ಕೆ ಮತ್ತೊಬ್ಬನು ಕಂಠಪೂರ್ತಿ ಕುಡಿದು ಕಾರು ನುಗ್ಗಿಸಿದರೆ, ಜನರು ಸಾಯಬಹುದೆಂಬ ಅರಿವು ಅವನಿಗೆ ಇದ್ದೇ ಇತ್ತೆಂದು ನ್ಯಾಯಾಲಯವು ತೀರ್ಮಾನಿಸಬಹುದು. ಆಗ ಆರೋಪವು ಕೊಲೆಯಲ್ಲದ ದಂಡನೀಯ ನರಹತ್ಯೆಯ ಮಟ್ಟಕ್ಕೆ ಏರುತ್ತದೆ. ಮೂರು ಕಡೆಯೂ ಹೋದದ್ದು ಜೀವವೇ. ಬೇರೆಯಾದದ್ದು, ಸಾವಿಗೆ ಮುಂಚೆ ಚಾಲಕನು ತಿಳಿದಿದ್ದುದು ಏನು, ಮಾಡಿದ್ದು ಏನು ಎಂಬುದು.

ಮೂರನೆಯ ಉದಾಹರಣೆಗೆ ಸಮೀಪವಾದ ಘಟನೆಯೊಂದು 2006ರ ನವೆಂಬರ್ 12ರಂದು ಮುಂಬಯಿಯ ಬಾಂದ್ರಾದಲ್ಲಿ ನಡೆಯಿತು. ಕುಡಿದು ನಡೆಸಿದ ಕಾರೊಂದು ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಹರಿದು 7 ಮಂದಿ ಮೃತಪಟ್ಟರು. ಕೆಳಗಿನ ನ್ಯಾಯಾಲಯವು ಇದನ್ನು ನಿರ್ಲಕ್ಷ್ಯವೆಂದು ಎಣಿಸಿ 6 ತಿಂಗಳ ಶಿಕ್ಷೆ ವಿಧಿಸಿತ್ತು. ಉಚ್ಚ ನ್ಯಾಯಾಲಯವು ಅದನ್ನು ದಂಡನೀಯ ನರಹತ್ಯೆಯೆಂದು ಪರಿಗಣಿಸಿ ಶಿಕ್ಷೆಯನ್ನು 3 ವರ್ಷಗಳಿಗೆ ಹೆಚ್ಚಿಸಿತು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ಎತ್ತಿಹಿಡಿಯಿತು.

ಇದಕ್ಕೆ ಪ್ರತಿಯಾಗಿ ಕರ್ನಾಟಕದ ಮೊಕದ್ದಮೆಯೊಂದನ್ನು ನೋಡಬಹುದು. ಲಾರಿಯೊಂದು ಹಳ್ಳ ದಾಟುವಾಗ ಮಗುಚಿಕೊಂಡು 15 ಮಂದಿ ಅಸುನೀಗಿದರು. ಕೆಳಗಿನ ನ್ಯಾಯಾಲಯದಲ್ಲಿ ಚಾಲಕನಿಗೆ ಶಿಕ್ಷೆಯಾಯಿತು. ಉಚ್ಚ ನ್ಯಾಯಾಲಯವು ಅವನನ್ನು ಬಿಡುಗಡೆ ಮಾಡಿತು. ಕರ್ನಾಟಕ ಸರ್ಕಾರವು ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿತು. 1998ರಲ್ಲಿ ವರದಿಯಾದ ಆ ತೀರ್ಪು ಬಿಡುಗಡೆಯನ್ನೇ ಸ್ಥಿರಪಡಿಸಿತು. ಲಾರಿ ಬಹಳ ವೇಗವಾಗಿತ್ತೆಂದು ಸಾಕ್ಷಿಗಳು ಹೇಳಿದ್ದರು. ಆದರೆ ‘ಬಹಳ ವೇಗ’ ಎಂದರೆ ಎಷ್ಟು ಎಂಬುದನ್ನು ಯಾರೂ ತಿಳಿಸಿರಲಿಲ್ಲ. ಬರಿಯ ವೇಗದಿಂದ ದುಡುಕಾಗಲಿ ನಿರ್ಲಕ್ಷ್ಯವಾಗಲಿ ಸಿದ್ಧವಾಗದೆಂದು ನ್ಯಾಯಾಲಯವು ಹೇಳಿತು. ವಾಹನವನ್ನು ಪರೀಕ್ಷಿಸಿದ್ದ ಮೋಟಾರು ವಾಹನ ನಿರೀಕ್ಷಕರ ವರದಿ ಕಡತದಲ್ಲಿರಲಿಲ್ಲ. ಅವರ ಸಾಕ್ಷ್ಯವನ್ನೂ ಪಡೆದಿರಲಿಲ್ಲ. ಇದು ದೊಡ್ಡ ಲೋಪವೆಂದು ನ್ಯಾಯಾಲಯವು ಎಣಿಸಿತು. ಮಡಿದವರ ಸಂಖ್ಯೆ 7ಕ್ಕಿಂತ 15 ದೊಡ್ಡದು. ಆದರೂ ಶಿಕ್ಷೆ ಸಂಖ್ಯೆಯನ್ನು ಅನುಸರಿಸಲಿಲ್ಲ; ಪುರಾವೆಯನ್ನು ಅನುಸರಿಸಿತು.

ಆದುದರಿಂದಲೇ ಅಪಘಾತದ ಸ್ಥಳದಲ್ಲಿ ಪೊಲೀಸರು ಮಾಡುವ ಕೆಲಸ ಮಹತ್ವದ್ದು. ಪಂಚರ ಸಮಕ್ಷಮ ಮಹಜರು ಬರೆಯುವುದು, ರಸ್ತೆಯ ನಕ್ಷೆ ತಯಾರಿಸುವುದು, ಚಕ್ರ ಉಜ್ಜಿದ ಗುರುತನ್ನು ಅಳೆಯುವುದು, ಬ್ರೇಕು ಪರೀಕ್ಷೆ ಮಾಡಿಸುವುದು, ಚಾಲಕನ ರಕ್ತದಲ್ಲಿ ಮದ್ಯವಿದೆಯೇ ಎಂದು ನೋಡುವುದು ಇವೆಲ್ಲ ಬರಿಯ ಕಾಗದದ ವಿಧಿಗಳಲ್ಲ. ಒಂದು ಮಳೆ ಸುರಿದರೆ ರಸ್ತೆಯ ಗುರುತು ಅಳಿಸಿಹೋಗುತ್ತದೆ. ಅದರೊಡನೆ ತಪ್ಪಿತಸ್ಥನು ತಪ್ಪಿಸಿಕೊಳ್ಳಬಹುದು. ನಿರಪರಾಧಿಯು ತನ್ನನ್ನು ಸಮರ್ಥಿಸಿಕೊಳ್ಳಲಾರದೆ ಹೋಗಬಹುದು.

ಚಾಲಕನಿಗೆ ಶಿಕ್ಷೆಯಾಗದಿದ್ದರೆ ಸತ್ತವರ ಮನೆಯವರಿಗೆ ದಿಕ್ಕಿಲ್ಲವೆಂದು ಭಾವಿಸಬಾರದು. ಶಿಕ್ಷೆ ವಿಧಿಸಲು ತಪ್ಪು ಸಂಶಯಾತೀತವಾಗಿ ಸಿದ್ಧವಾಗಬೇಕು. ಪರಿಹಾರಕ್ಕೆ ಅಷ್ಟು ಬಿಗಿಯಾದ ಪುರಾವೆ ಬೇಕಾಗಿಲ್ಲ. ಮೋಟಾರು ವಾಹನ ಕಾಯಿದೆಯ 164ನೆಯ ಕಲಮಿನಂತೆ, ಯಾರ ತಪ್ಪನ್ನೂ ತೋರಿಸದೆಯೇ ಮೃತರ ಕುಟುಂಬವು 5 ಲಕ್ಷ ರೂಪಾಯಿಗಳ ಪರಿಹಾರವನ್ನು ಕೇಳಬಹುದು. ಅದು ಹೋದ ಜೀವದ ಬೆಲೆಯಲ್ಲ. ಉಳಿದವರ ಬದುಕಿಗೆ ಊರುಗೋಲು.

ಅದೇ ಕಾಯಿದೆಯು ಚಾಲಕನಿಗೆ ಇನ್ನೊಂದು ಕರ್ತವ್ಯವನ್ನು ವಿಧಿಸಿದೆ. ಗಾಯಗೊಂಡವರನ್ನು ಅವನು ವೈದ್ಯರ ಬಳಿಗೆ ಸಾಗಿಸಬೇಕು. ಪೊಲೀಸರಿಗೆ ವರದಿ ಕೊಡಬೇಕು. ಜನರು ರೊಚ್ಚಿಗೆದ್ದು ಅದಕ್ಕೆ ಆಸ್ಪದವಿಲ್ಲದಂತಾದರೆ ಸಾಗಿಸುವ ಹೊಣೆಗೆ ವಿನಾಯಿತಿಯುಂಟು. ಎಂದರೆ, ಚಾಲಕನನ್ನು ಹೊಡೆಯಲು ಎತ್ತಿದ ಕೈ ಗಾಯಾಳುವಿಗೆ ದೊರೆಯಬೇಕಾದ ನೆರವನ್ನೇ ತಪ್ಪಿಸಬಹುದು.

ಈ ವಿಚಾರ ದೊಡ್ಡವರಿಗೆ ಮಾತ್ರ ಸೇರಿದ್ದಲ್ಲ. ಶಾಲೆಗೆ ಹೊತ್ತಾಯಿತೆಂದು ಅಣ್ಣನ ಬೈಕನ್ನೋ ತಂದೆಯ ಸ್ಕೂಟರನ್ನೋ ಏರುವ ವಿದ್ಯಾರ್ಥಿಗಳು ಎಲ್ಲ ಊರುಗಳಲ್ಲಿಯೂ ಇದ್ದಾರೆ. 2019ರ ತಿದ್ದುಪಡಿಯಂತೆ, ಅಪ್ರಾಪ್ತ ವಯಸ್ಸಿನವರು ವಾಹನ ನಡೆಸಿ ಅಪರಾಧವೆಸಗಿದರೆ ಅವರ ಪೋಷಕರಿಗೂ ವಾಹನದ ಒಡೆಯರಿಗೂ 3 ವರ್ಷಗಳವರೆಗೆ ಸೆರೆವಾಸವೂ 25,000 ರೂಪಾಯಿ ದಂಡವೂ ಆಗಬಹುದು. ನಡೆಸಿದವರಿಗೆ 25 ವರ್ಷ ತುಂಬುವವರೆಗೆ ಚಾಲನಾ ಪರವಾನಗಿ ದೊರೆಯುವುದಿಲ್ಲ. ನ್ಯಾಯಾಲಯವು ಅಪಘಾತವಾದ ಮೇಲೆ ಕೇಳುವ ಪ್ರಶ್ನೆ ಒಂದೇ: ತಕ್ಕ ಎಚ್ಚರಿಕೆ ಇತ್ತೆ? ಆ ಪ್ರಶ್ನೆಯನ್ನು ಬೀಗದ ಕೈ ಹಿಡಿಯುವ ಮೊದಲೇ ಕೇಳಿಕೊಂಡವನು, ಒಂದು ಜೀವವನ್ನೂ ಉಳಿಸುತ್ತಾನೆ, ತನ್ನ ಬಾಳನ್ನೂ ಉಳಿಸಿಕೊಳ್ಳುತ್ತಾನೆ.