ಬಾಡಿಗೆಗಿಂತ ಮೊದಲು ಗಡಿ ನೋಡಿ

ಬೆಂಗಳೂರಿನಿಂದ ದೆಹಲಿಗೆ ವರ್ಗವಾದರೆ, ಇಲ್ಲವೇ ಅಲ್ಲಿ ಹೊಸ ಕೆಲಸ ಸಿಕ್ಕರೆ, ಹೆಚ್ಚಿನ ಕುಟುಂಬಗಳು ಎರಡೇ ಲೆಕ್ಕ ಹಾಕುತ್ತವೆ: ಸಂಬಳ ಎಷ್ಟು ಏರಿತು, ಬಾಡಿಗೆ ಎಷ್ಟು. ದಕ್ಷಿಣ ದೆಹಲಿಯ ಬಾಡಿಗೆಯನ್ನೂ ನೊಯ್ಡಾದ ಬಾಡಿಗೆಯನ್ನೂ ಪಕ್ಕಪಕ್ಕ ಇಟ್ಟು, ಕಡಿಮೆ ಇರುವ ಕಡೆಗೆ ಸಾಮಾನು ಸಾಗಿಸುತ್ತವೆ. ಈ ಪ್ರದೇಶದ ಮಟ್ಟಿಗೆ ಅಷ್ಟು ಲೆಕ್ಕ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. 1985ರ ಕಾಯ್ದೆ ಯೋಜನೆಯ ಅನುಕೂಲಕ್ಕೆಂದು ರಾಷ್ಟ್ರ ರಾಜಧಾನಿ ವಲಯ ಎಂದು ಕರೆದದ್ದು ಒಂದು ಊರನ್ನಲ್ಲ. ಗುರುಗ್ರಾಮ, ಫರೀದಾಬಾದ್ ಹರಿಯಾಣಕ್ಕೆ ಸೇರಿವೆ, ನೊಯ್ಡಾ, ಗಾಜಿಯಾಬಾದ್ ಉತ್ತರ ಪ್ರದೇಶಕ್ಕೆ, ನಡುವೆ ದೆಹಲಿ. ಮೆಟ್ರೊದಲ್ಲಿ ಕೂತವರಿಗೆ ಗಡಿ ದಾಟಿದ್ದು ಗೊತ್ತಾಗುವುದೇ ಇಲ್ಲ. ಆದರೆ ಕರೆಂಟ್ ಬಿಲ್ಲು, ತೆರಿಗೆ ವಿನಾಯಿತಿ, ಎಲ್ಲಕ್ಕಿಂತ ಹೆಚ್ಚಾಗಿ ಮಕ್ಕಳ ಕಾಲೇಜು ಸೀಟು, ಇವೆಲ್ಲ ಗಡಿಯ ಯಾವ ಬದಿಯಲ್ಲಿದ್ದೀರಿ ಎಂಬುದನ್ನು ಕೇಳುತ್ತವೆ.

ಮೊದಲು ಕೈಗೆ ಬರುವ ಹಣದ ವಿಷಯ. ಬೆಂಗಳೂರಿನಲ್ಲಿ ಮನೆಗೆ ಐದಾರು ತಿಂಗಳಿಂದ ಹತ್ತು ತಿಂಗಳವರೆಗೂ ಅಡ್ವಾನ್ಸ್ ಕೊಟ್ಟು ರೂಢಿ. ದೆಹಲಿಯ ಕಡೆ ಅದಕ್ಕೆ ಸೆಕ್ಯೂರಿಟಿ ಎನ್ನುತ್ತಾರೆ. ಸಾಮಾನ್ಯವಾಗಿ ಒಂದೆರಡು ತಿಂಗಳ ಬಾಡಿಗೆ ಅಷ್ಟೆ. ತಿಂಗಳಿಗೆ 30,000 ರೂಪಾಯಿ ಬಾಡಿಗೆ ಎಂದಿಟ್ಟುಕೊಂಡರೆ, ಬೆಂಗಳೂರಿನಲ್ಲಿ ಆರು ತಿಂಗಳ ಅಡ್ವಾನ್ಸ್ 1,80,000 ವಾಪಸ್ ಬರುತ್ತದೆ, ಇಲ್ಲಿ 60,000 ಕಟ್ಟಿದರೆ ಸಾಕು. ಉಳಿಯುವ 1,20,000ವನ್ನು ಲಾಭ ಎಂದು ಬಗೆಯಬಾರದು. ಬೆಂಗಳೂರಿನ ಹವೆ ಪುಕ್ಕಟೆಯಾಗಿ ಕೊಡುತ್ತಿದ್ದುದನ್ನು ಇಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕು. ಮೇ, ಜೂನ್‌ಗೆ ಎಸಿ, ಡಿಸೆಂಬರ್, ಜನವರಿಗೆ ಹೀಟರ್, ರಜಾಯಿ, ಮನೆಮಂದಿಗೆಲ್ಲ ಉಣ್ಣೆಬಟ್ಟೆ, ದೀಪಾವಳಿಯಿಂದಾಚೆಗೆ ಗಾಳಿ ಶುದ್ಧಿ ಮಾಡುವ ಯಂತ್ರ, ಅದಕ್ಕೆ ಆಗಾಗ ಹೊಸ ಫಿಲ್ಟರ್. ಇಲ್ಲಿನ ಖರ್ಚು ಋತುವಿಗೆ ತಕ್ಕಂತೆ ಏರಿಳಿಯುವುದರಿಂದ ತಿಂಗಳ ಬಜೆಟ್ ನಂಬಿದರೆ ಮೋಸಹೋಗುತ್ತೀರಿ. ಹನ್ನೆರಡು ತಿಂಗಳನ್ನೂ ಒಟ್ಟಿಗೆ ಬರೆದು ನೋಡಬೇಕು.

ಕರೆಂಟಿನ ವಿಷಯಕ್ಕೆ ಬಂದರೆ ಗಡಿ ಎದ್ದು ಕಾಣುತ್ತದೆ. ದೆಹಲಿಯಲ್ಲಿ 2019ರಿಂದ ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ ಇಲ್ಲ. 201ರಿಂದ 400ರವರೆಗೆ ಅರ್ಧ ರಿಯಾಯಿತಿ, ಗರಿಷ್ಠ 800 ರೂಪಾಯಿ. 400 ದಾಟಿದರೆ ಪೂರ್ತಿ ಬಿಲ್. ಕರ್ನಾಟಕದ ಗೃಹಜ್ಯೋತಿಗೆ ಒಗ್ಗಿದವರಿಗೆ ಇದು ಹೊಸದೇನಲ್ಲ. ಒಂದೂವರೆ ಟನ್ನಿನ ಎಸಿ ರಾತ್ರಿ ಎಂಟು ಗಂಟೆ ಓಡಿದರೆ ಅದೊಂದೇ ತಿಂಗಳಿಗೆ 250–300 ಯೂನಿಟ್ ತಿನ್ನುತ್ತದೆ. ಎರಡು ಎಸಿ ಇದ್ದರೆ ಬೇಸಿಗೆಯಲ್ಲಿ ರಿಯಾಯಿತಿ ಇಲ್ಲವೆಂದೇ ತಿಳಿಯಿರಿ. ಆದರೂ ಉಳಿದ ತಿಂಗಳುಗಳಲ್ಲಿ ಸಿಗುವ ಉಳಿತಾಯ ಸಣ್ಣದಲ್ಲ. ಮುಖ್ಯ ಸಂಗತಿ ಎಂದರೆ, ಮೀಟರ್ ಮಾಲೀಕನ ಹೆಸರಿನಲ್ಲಿದ್ದು ನಿಮಗೆ ಸಬ್ ಮೀಟರ್ ಮಾತ್ರ ಕೊಟ್ಟಿದ್ದರೆ ರಿಯಾಯಿತಿ ನಿಮ್ಮ ಕೈಗೆ ಬರುವುದಿಲ್ಲ. ಮಾಲೀಕ ಹೇಳಿದ ದರವೇ ದರ. ಬಾಡಿಗೆದಾರರಿಗೆ ಬೇರೆ ಪ್ರಿಪೇಯ್ಡ್ ಮೀಟರ್ ಕೊಡುವ ಯೋಜನೆಯನ್ನು ದೆಹಲಿ ಸರ್ಕಾರ 2019ರಲ್ಲೇ ತಂದಿದೆ. ಕರಾರಿಗೆ ಸಹಿ ಹಾಕುವ ಮೊದಲೇ ಕೇಳಿ. ನೊಯ್ಡಾ, ಗುರುಗ್ರಾಮದ ಸೊಸೈಟಿಗಳಲ್ಲಿ ಮೀಟರಿನ ಪುಟ್ಟ ಪರದೆಯನ್ನು ಸ್ವಲ್ಪ ಹೊತ್ತು ನೋಡುತ್ತ ನಿಲ್ಲಿ. ಗುಂಡಿ ಒತ್ತಿದಂತೆ ಎರಡು ಅಂಕಿ ಬದಲಾಗುತ್ತವೆ, ಒಂದು ಸರ್ಕಾರಿ ಕರೆಂಟಿನದು, ಇನ್ನೊಂದು ಜನರೇಟರಿನದು. ಎರಡನೆಯದರ ದರ ಮೊದಲನೆಯದಕ್ಕಿಂತ ಬಹಳ ಹೆಚ್ಚು. ಎಷ್ಟೋ ಕಡೆ ಸೊಸೈಟಿಯ ನಿರ್ವಹಣಾ ಶುಲ್ಕವೂ ಅದೇ ಪ್ರಿಪೇಯ್ಡ್ ಹಣದಿಂದ ದಿನದಿನವೂ ಕಡಿತವಾಗುತ್ತದೆ. ಬಾಡಿಗೆ ಅಗ್ಗ ಎನ್ನುವ ಮೊದಲು ಈ ಎರಡು ಅಂಕಿಗಳನ್ನೂ ಅದಕ್ಕೆ ಕೂಡಿಸಬೇಕು.

ಕಾರು ಇದ್ದವರಿಗೆ ಎರಡೇ ಮಾತು. ಕರ್ನಾಟಕದಲ್ಲಿ ಆಜೀವ ತೆರಿಗೆ ಕಟ್ಟಿದ ಗಾಡಿಯನ್ನು ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಮರುನೋಂದಣಿ ಬೇಕು. ಎನ್‌ಒಸಿ ತರಬೇಕು, ಹೊಸ ರಾಜ್ಯಕ್ಕೆ ತೆರಿಗೆ ಕಟ್ಟಬೇಕು, ಹಳೆಯದರ ಬಾಕಿ ವಾಪಸಿಗೆ ಅಲ್ಲಿನ ಆರ್‌ಟಿಒಗೆ ಬೇರೆ ಅರ್ಜಿ. ಡೀಸೆಲ್ ಬಿಎಸ್-4 ಕಾರಾದರೆ ಚಳಿಗಾಲದಲ್ಲಿ ಮಾಲಿನ್ಯ ನಿರ್ಬಂಧದ ಮೂರನೇ ಹಂತ ಜಾರಿಯಾದ ದಿನ ದೆಹಲಿ, ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದ್, ನೊಯ್ಡಾಗಳಲ್ಲಿ ಹೊರತೆಗೆಯುವಂತಿಲ್ಲ. ಅಂಥ ಗಾಡಿಯನ್ನು ಬೆಂಗಳೂರಿನಲ್ಲೇ ಮಾರಿ ಬರುವುದು ಲೇಸು.

ಇವೆಲ್ಲ ಸಾವಿರಗಳ ಲೆಕ್ಕ. ಲಕ್ಷಗಳ ಲೆಕ್ಕ ಇರುವುದು ಮಕ್ಕಳ ಓದಿನಲ್ಲಿ, ಅದನ್ನೇ ಜನ ಕೊನೆಗೆ ನೋಡುತ್ತಾರೆ. ಕರ್ನಾಟಕದ ಸಿಇಟಿ ಮೂಲಕ ಸರ್ಕಾರಿ ಸೀಟು ಬೇಕಾದರೆ ಸಾಮಾನ್ಯ ನಿಯಮ ಇದು: 1ರಿಂದ 12ನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಜೊತೆಗೆ 10ನೇ ತರಗತಿ ಅಥವಾ ದ್ವಿತೀಯ ಪಿಯು ಅಲ್ಲೇ ಪಾಸಾಗಿರಬೇಕು. ಒಂಬತ್ತನೇ ತರಗತಿ ಮುಗಿಸಿದ ಮಗುವನ್ನು ಕರೆದುಕೊಂಡು ಬಂದರೆ ಒಂಬತ್ತು ವರ್ಷದ ಓದು ಈ ನಿಯಮದಡಿ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದೇ ವರ್ಷ ತಡೆದು ಹತ್ತನೇ ತರಗತಿ ಮುಗಿಸಿ ಬಂದರೆ ಅರ್ಹತೆ ಉಳಿಯುತ್ತದೆ. ಇತ್ತ ದೆಹಲಿಯ ತಾಂತ್ರಿಕ ವಿಶ್ವವಿದ್ಯಾಲಯ, ನೇತಾಜಿ ಸುಭಾಷ್ ತಾಂತ್ರಿಕ ವಿಶ್ವವಿದ್ಯಾಲಯ, ಇಂದ್ರಪ್ರಸ್ಥ ವಿಶ್ವವಿದ್ಯಾಲಯಗಳು 85 ಶೇಕಡಾ ಸೀಟನ್ನು ದೆಹಲಿಯೊಳಗಿನ ಶಾಲೆಯಲ್ಲಿ 12ನೇ ತರಗತಿ ಪಾಸಾದವರಿಗೆ ಮೀಸಲಿಟ್ಟಿವೆ. ಅವು ನೋಡುವುದು ಶಾಲೆ ಎಲ್ಲಿದೆ ಎಂಬುದನ್ನು. ಹತ್ತನ್ನು ಕರ್ನಾಟಕದಲ್ಲಿ ಮುಗಿಸಿ, ಹನ್ನೊಂದು, ಹನ್ನೆರಡನ್ನು ಮಯೂರ್ ವಿಹಾರದ ಶಾಲೆಯಲ್ಲಿ ಓದಿದ ಹುಡುಗಿಗೆ ಎರಡೂ ಕಡೆ ಬಾಗಿಲು ತೆರೆದಿರುತ್ತದೆ. ಅಲ್ಲಿಂದ ಕೆಲವೇ ಮೆಟ್ರೊ ನಿಲ್ದಾಣ ಆಚೆಯ ನೊಯ್ಡಾದ ಶಾಲೆಯಲ್ಲಿ ಓದಿದವಳು ದೆಹಲಿಯ ಪಾಲಿಗೆ ಹೊರಗಿನವಳು. ಗಡಿನಾಡು, ಹೊರನಾಡು ಕನ್ನಡಿಗರಿಗೆ, ಕೇಂದ್ರ ನೌಕರರ ಮಕ್ಕಳಿಗೆ ಬೇರೆ ನಿಯಮಗಳಿವೆ. ಆಯಾ ವರ್ಷದ ಮಾಹಿತಿ ಪುಸ್ತಕ ಓದಿಯೇ ಮುಂದುವರಿಯಬೇಕು. ಖಾಸಗಿ ಕಾಲೇಜಿನ ನಾಲ್ಕು ವರ್ಷದ ಶುಲ್ಕವನ್ನು ಎದುರಿಗಿಟ್ಟುಕೊಂಡರೆ, ಬಾಡಿಗೆಯಲ್ಲಿ ತಿಂಗಳಿಗೆ ಐದಾರು ಸಾವಿರ ಉಳಿಸಿದ್ದು ಏನೂ ಅಲ್ಲ ಎನ್ನಿಸುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ: ನೊಯ್ಡಾ, ಗುರುಗ್ರಾಮದಲ್ಲಿ ಅದೇ ದುಡ್ಡಿಗೆ ದೊಡ್ಡ ಮನೆ, ಲಿಫ್ಟು, ಕಾವಲು, ಮಕ್ಕಳಿಗೆ ಆಟದ ಜಾಗ ಸಿಗುತ್ತದಲ್ಲ? ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕಚೇರಿ ಗುರುಗ್ರಾಮದಲ್ಲಿದ್ದು ಮಕ್ಕಳು ಇನ್ನೂ ಚಿಕ್ಕವರಾಗಿದ್ದರೆ ಅಲ್ಲಿಯೇ ಇರುವುದು ಸರಿ. ನಾನು ಬೇಡವೆನ್ನುವುದು ಗುರುಗ್ರಾಮದಲ್ಲಿ ಕಚೇರಿ ಇಟ್ಟುಕೊಂಡು ಅಗ್ಗವೆಂದು ಗ್ರೇಟರ್ ನೊಯ್ಡಾದಲ್ಲಿ ಮನೆ ಮಾಡುವುದನ್ನು. ಮೆಟ್ರೊ ಇದೆಯಲ್ಲ ಎನ್ನುತ್ತಾರೆ. 2025ರ ಆಗಸ್ಟ್‌ನಿಂದ ದೆಹಲಿ ಮೆಟ್ರೊದ ಗರಿಷ್ಠ ದರ 64 ರೂಪಾಯಿ, ನಮ್ಮ ಮೆಟ್ರೊದ 90ಕ್ಕಿಂತ ಕಡಿಮೆ; ದುಡ್ಡಿನ ಮಟ್ಟಿಗೆ ವಾದ ಗಟ್ಟಿ. ಆದರೆ ಗ್ರೇಟರ್ ನೊಯ್ಡಾದಿಂದ ಬರುವ ಆಕ್ವಾ ಲೈನ್ ಬೇರೆ ಸಂಸ್ಥೆಯದು. ಸೆಕ್ಟರ್ 51ರಲ್ಲಿ ಇಳಿದು, ನಡೆದು ಸೆಕ್ಟರ್ 52ಕ್ಕೆ ಹೋಗಿ ಬ್ಲೂ ಲೈನ್ ಹಿಡಿಯಬೇಕು. ದಿನಕ್ಕೆ ನಾಲ್ಕು ಗಂಟೆ ಓಡಾಟದಲ್ಲೇ ಹೋದರೆ ಅಡುಗೆಗೆ, ಮಗುವಿನ ಟ್ಯೂಷನ್ನಿಗೆ, ಕೊನೆಗೆ ದಣಿದು ಹಿಡಿಯುವ ಕ್ಯಾಬಿಗೆ ಹಣ ಹೋಗುತ್ತದೆ.

ಇನ್ನೊಂದು ಆಕ್ಷೇಪ ತೆರಿಗೆಯದು: ಕರ್ನಾಟಕದಲ್ಲಿ ಕಡಿತವಾಗುವ ವೃತ್ತಿ ತೆರಿಗೆ ಇಲ್ಲಿನ ಮೂರು ಕಡೆಯೂ ಇಲ್ಲ, ಅಷ್ಟು ಉಳಿಯಿತಲ್ಲ? ವರ್ಷಕ್ಕೆ ಎರಡೂವರೆ ಸಾವಿರದ ಮಾತು ಅದು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ನೋಡಬೇಕಾದ್ದು ಮನೆ ಬಾಡಿಗೆ ಭತ್ಯೆಯನ್ನು. ಮನೆ ದೆಹಲಿಯಲ್ಲಿದ್ದರೆ ವಿನಾಯಿತಿಯ ಮಿತಿ ಮೂಲವೇತನದ 50 ಶೇಕಡಾ, ಗುರುಗ್ರಾಮ, ನೊಯ್ಡಾದಲ್ಲಿದ್ದರೆ 40. ಹೊಸ ಪದ್ಧತಿಯಲ್ಲಿ ಈ ವಿನಾಯಿತಿಯೇ ಇಲ್ಲ. ಆರೋಗ್ಯ ವಿಮೆಯೂ ವಿಳಾಸ ಕೇಳುತ್ತದೆ. ಕೆಲವು ಕಂಪನಿಗಳು ದೆಹಲಿ ವಲಯವನ್ನು ದುಬಾರಿ ಪಟ್ಟಿಯಲ್ಲಿ ಇಟ್ಟಿವೆ, ವಿಳಾಸ ಬದಲಿಸಿದಾಗ ಪ್ರೀಮಿಯಂ ಏರಬಹುದು.

ಆದ್ದರಿಂದ ಕ್ರಮ ಹೀಗಿರಲಿ ಎನ್ನುತ್ತೇನೆ: ಮೊದಲು ಕಚೇರಿ, ಆಮೇಲೆ ಮಕ್ಕಳ ಶಾಲೆ, ಕೊನೆಗೆ ಬಾಡಿಗೆ. ಕೆಲಸದ ಜಾಗ ಬದಲಾಗುವ ಸಂಭವವಿದ್ದರೆ ದೆಹಲಿಯೊಳಗೆ, ಮೆಟ್ರೊ ಹತ್ತಿರ ಇರುವುದು ವಾಸಿ. ಆರ್.ಕೆ.ಪುರಂ ಸುತ್ತಮುತ್ತ ಹುಡುಕುವವರಿಗೆ ಅಲ್ಲಿಯೇ ದೆಹಲಿ ಕರ್ನಾಟಕ ಸಂಘ ಇದೆ. ಲೋಧಿ ಎಸ್ಟೇಟ್‌ನಲ್ಲಿ ದೆಹಲಿ ಕನ್ನಡ ಶಾಲೆ ಇದೆ. ಮನೆ, ಮಾಲೀಕ, ನೀರು, ಮೀಟರ್ ಬಗ್ಗೆ ದಲ್ಲಾಳಿ ಹೇಳದ್ದನ್ನು ಸಂಘದಲ್ಲಿ ಸಿಗುವ ಹಳಬರು ಹೇಳಬಲ್ಲರು. ಹೊಸ ಕೆಲಸದ ಪತ್ರಕ್ಕೆ ಸಹಿ ಹಾಕುವ ಮೊದಲು ಸ್ಥಳಾಂತರ ಭತ್ಯೆಯಲ್ಲಿ ದಲ್ಲಾಳಿಯ ಕಮಿಷನ್, ಗಾಡಿಯ ಮರುನೋಂದಣಿ, ಎರಡು ವಾರದ ಗೆಸ್ಟ್ ಹೌಸ್ ಸೇರಿದೆಯೇ ಎಂದು ಕೇಳಿ, ಬರೆಸಿಕೊಳ್ಳಿ. ಆ ಎರಡು ವಾರ ಮನೆ ನೋಡಿದ ಜಾಗದಿಂದ ಕಚೇರಿಗೆ ಬೆಳಗಿನ ಹೊತ್ತಿನಲ್ಲೇ ಹೋಗಿಬನ್ನಿ. ಹನ್ನೊಂದು ತಿಂಗಳ ಕರಾರು ಆಮೇಲೆ.