ಮೂರು ಲೆನ್ಸ್, ಒಂದು ಕಾಲೇಜು ಬ್ಯಾಗ್

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ)

ಯಾವ ಕ್ಯಾಮೆರಾ ಒಳ್ಳೆಯದು ಎಂದು ಕೇಳುವ ಗೆಳತಿಯರು ಬಹಳ. ಯಾವ ಲೆನ್ಸ್ ಒಯ್ಯಬೇಕು, ಯಾವುದನ್ನು ಮನೆಯಲ್ಲೇ ಬಿಡಬೇಕು ಎಂದು ಕೇಳುವವರು ಕಡಿಮೆ. ನನ್ನ ಅನುಭವದಲ್ಲಿ ಚಿತ್ರ ಕೆಡುವುದೂ ಉಳಿಯುವುದೂ ಹೆಚ್ಚಾಗಿ ಈ ಎರಡನೆಯ ಪ್ರಶ್ನೆಯಿಂದಲೇ.

ನಮ್ಮ ಮನೆ ಭದ್ರಾವತಿಯಲ್ಲಿ. ಮಾಮೂ ಮದುವೆಗಳ ಫೋಟೋ ತೆಗೆಯುತ್ತಾರೆ. ನಮ್ಮವರ ಅನೇಕ ಮನೆಗಳಲ್ಲಿ ಹೆಂಗಸರು ಕೂರುವ ಜನಾನಾ ಕಡೆಗೆ ಗಂಡಸು ಫೋಟೋಗ್ರಾಫರ್ ಹೋಗುವುದಿಲ್ಲ. ಹಾಗಾಗಿ ಆಲ್ಬಮ್ಮಿನಲ್ಲಿ ಕಾಜಿ ಸಾಹೇಬರು, ದುಲ್ಹಾ, ಊಟದ ಪಂಕ್ತಿ ಎಲ್ಲವೂ ಇರುತ್ತವೆ. ದುಲ್ಹನ್ ಮಾತ್ರ ಇರುವುದಿಲ್ಲ. ನನ್ನ ದಾದಿಯ ಮದುವೆಯದು ಒಂದು ಚಿತ್ರವೂ ಇಲ್ಲ. ಕಳೆದ ವರ್ಷದಿಂದ ಭಾನುವಾರಗಳಲ್ಲಿ ಜನಾನಾ ಕಡೆಯ ಕೆಲಸ ನನ್ನದು. ಬರುವ ಹಣ ಬಿ.ಕಾಂ. ಫೀಸಿಗೆಂದು ಅಮ್ಮಿಯ ಹತ್ತಿರ ಜಮೆಯಾಗುತ್ತಿದೆ. ಅಮ್ಮಿ ಒಪ್ಪಿರುವುದು ಒಂದು ಷರತ್ತಿನ ಮೇಲೆ: ಯಾವ ಮನೆಯಿಂದಲೂ ಒಂದು ದೂರು ಬರಬಾರದು.

ಮಾಮೂ ಕೊಟ್ಟಿರುವ ಕ್ಯಾಮೆರಾ ಕ್ಯಾನನ್ 1500ಡಿ. ಅದಕ್ಕೆ ಮೂರು ಲೆನ್ಸ್‌ಗಳಿವೆ: 18-55, 55-250, ಮತ್ತು ಜೂಮ್ ಇಲ್ಲದ 50 ಎಂಎಂ. ಈ ಸಂಖ್ಯೆಗಳು ಫೋಕಲ್ ಲೆಂಗ್ತ್ ಅಥವಾ ಸಂಗಮ ದೂರ. ಸಂಖ್ಯೆ ಚಿಕ್ಕದಾದಷ್ಟೂ ಚೌಕಟ್ಟಿನಲ್ಲಿ ಹಿಡಿಯುವ ಜಾಗ ಅಗಲ. ದೊಡ್ಡದಾದಷ್ಟೂ ದೂರದ್ದು ಹತ್ತಿರ ಬರುತ್ತದೆ.

ನಮಗೆ ತ್ರೈರಾಶಿ ಗೊತ್ತಿದ್ದರೆ ಸಾಕು, ಇದನ್ನು ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು. ಈ ಕ್ಯಾಮೆರಾದ ಸೆನ್ಸರ್ ಅಗಲ 22.3 ಮಿಲಿಮೀಟರ್. ಅದನ್ನು ಫೋಕಲ್ ಲೆಂಗ್ತ್‌ನಿಂದ ಭಾಗಿಸಿ, ನಾವು ನಿಲ್ಲುವ ದೂರದಿಂದ ಗುಣಿಸಿದರೆ ಚಿತ್ರದಲ್ಲಿ ಎಷ್ಟು ಅಗಲ ಸಿಗುತ್ತದೆಂದು ತಿಳಿಯುತ್ತದೆ. ದುಲ್ಹನ್‌ಳಿಂದ ಮೂರು ಮೀಟರ್ ದೂರ ನಿಂತರೆ 50 ಎಂಎಂನಲ್ಲಿ ಸಿಗುವುದು ಸುಮಾರು 1.3 ಮೀಟರ್. ಅವಳೊಬ್ಬಳು ಚೆನ್ನಾಗಿ ಬರುತ್ತಾಳೆ, ಪಕ್ಕದ ಆಪಾ ಅರ್ಧಕ್ಕೆ ಕತ್ತರಿಸಿ ಹೋಗುತ್ತಾರೆ. ಹಿಂದಕ್ಕೆ ಸರಿಯೋಣವೆಂದರೆ ಶಾದಿ ಮಹಲಿನ ಜನಾನಾ ಕೋಣೆಯಲ್ಲಿ ಬೆನ್ನಿಗೆ ಗೋಡೆ, ಇಲ್ಲವೇ ಬಿರಿಯಾನಿ ತಟ್ಟೆ ಹಿಡಿದ ಖಾಲಾ. ಅದೇ ಜಾಗದಿಂದ 18ರಲ್ಲಿ 3.7 ಮೀಟರ್ ಸಿಗುತ್ತದೆ, ಅಕ್ಕತಂಗಿಯರೆಲ್ಲ ಹಿಡಿಸುತ್ತಾರೆ. ಆದ್ದರಿಂದ ಗುಂಪಿಗೆ 18-55 ಬೇಕೇ ಬೇಕು. ಅದು 25 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಆಗುವುದರಿಂದ ಮೆಹಂದಿ ಕೈಗೂ ಅದೇ.

ಹಾಗಿದ್ದರೆ 50 ಏಕೆ? ಬೆಳಕಿಗಾಗಿ. 18-55ನ್ನು 55ಕ್ಕೆ ತಿರುಗಿಸಿದಾಗ ಅದರ ಕಿಂಡಿ ಹೆಚ್ಚೆಂದರೆ ಎಫ್ 5.6ರಷ್ಟು ತೆರೆಯುತ್ತದೆ. 50 ಎಂಎಂ ಎಫ್ 1.8ರವರೆಗೆ ತೆರೆಯುತ್ತದೆ. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿ: ಸುಮಾರು 9.7. ಅಂದರೆ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು. ಮಂಕು ಬಲ್ಬಿನ ಕೋಣೆಯಲ್ಲಿ ಮೊದಲ ಲೆನ್ಸ್‌ಗೆ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕಾದರೆ ಇದಕ್ಕೆ ನೂರನೇ ಒಂದು ಭಾಗ ಸಾಕು. ರುಖ್ಸತಿಯ ಹೊತ್ತಿನಲ್ಲಿ ತಾಯಿ ಮಗಳನ್ನು ತಬ್ಬಿ ಅಳುತ್ತಾರೆ, ಭುಜಗಳು ಅಲುಗುತ್ತವೆ. ಹತ್ತನೇ ಒಂದು ಭಾಗದಲ್ಲಿ ಅದು ಮಸುಕು, ನೂರನೇ ಒಂದು ಭಾಗದಲ್ಲಿ ಸ್ಪಷ್ಟ. ಆ ಹೊತ್ತಿನಲ್ಲಿ ಫ್ಲ್ಯಾಷ್ ಹೊಡೆಯುವುದು ನನಗೆ ಇಷ್ಟವಿಲ್ಲ. ಒಂದು ಎಚ್ಚರಿಕೆ: 1.8ರಲ್ಲಿ ಎರಡು ಮೀಟರ್ ದೂರದಿಂದ ತೆಗೆದರೆ ಫೋಕಸ್ ನಿಲ್ಲುವ ಆಳ ಒಂದು ಗೇಣಿಗಿಂತ ಕಡಿಮೆ. ಇಬ್ಬರು ಹಿಂದೆಮುಂದೆ ನಿಂತಿದ್ದರೆ ಕಿಂಡಿಯನ್ನು 4ಕ್ಕೆ ಇಳಿಸಿ.

ಇನ್ನು 55-250. ಮಂಡಗದ್ದೆಗೆ ಹೊರಟರೆ ಮೊದಲು ಬ್ಯಾಗಿಗೆ ಬೀಳಬೇಕಾದದ್ದು ಇದೇ. ತೀರ್ಥಹಳ್ಳಿ ರಸ್ತೆಯಲ್ಲಿ ಶಿವಮೊಗ್ಗದಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ನಾವು ದಡದಲ್ಲಿ, ಅವು ನೀರಿನಾಚೆ. ಹಕ್ಕಿ 50 ಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳಿ. 55ರಲ್ಲಿ ಸಿಗುವುದು 20 ಮೀಟರ್ ಅಗಲದ ಮರ, ಅದರಲ್ಲಿ ಬಿಳಿ ಚುಕ್ಕಿಗಳು. 250ರಲ್ಲಿ ನಾಲ್ಕೂವರೆ ಮೀಟರ್. ಗೂಡು, ಮರಿ, ಕೊಕ್ಕು ಬೇರೆಬೇರೆಯಾಗಿ ಕಾಣುತ್ತವೆ. ನಮ್ಮ ಜಿಲ್ಲೆಯ ಕುಪ್ಪಳಿಯಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಚಿತ್ರ ತೆಗೆಯುತ್ತಿದ್ದದ್ದು ಫಿಲ್ಮಿನ ಕಾಲದಲ್ಲಿ. ತೆಗೆದದ್ದು ಹೇಗೆ ಬಂದಿದೆಯೆಂದು ಅಲ್ಲೇ ನೋಡುವ ಅನುಕೂಲ ಆಗ ಇರಲಿಲ್ಲ. ಭದ್ರಾವತಿಯ ಲಕ್ಷ್ಮೀನರಸಿಂಹ ದೇವಸ್ಥಾನದಂಥ ಹೊಯ್ಸಳ ಕಟ್ಟಡಕ್ಕಾದರೆ 18-55 ಒಂದೇ ಸಾಕು.

ಆದರೆ ಮದುವೆಗೆ ಈ ಉದ್ದ ಲೆನ್ಸ್ ಬೇಡ. ಭಾರ ಕಾರಣವಲ್ಲ, ಅದು 375 ಗ್ರಾಂ, ನಮ್ಮ ಅಕೌಂಟೆನ್ಸಿ ಪುಸ್ತಕ ಹೊತ್ತವರಿಗೆ ಏನೂ ಅಲ್ಲ. ಕಾರಣ ಬೇರೆ. ಕೋಣೆಯ ಆ ಮೂಲೆಯಲ್ಲಿ ದುಪಟ್ಟಾ ಜಾರಿಸಿ ಕೂತು ನಗುತ್ತಿರುವವರ ಮುಖವನ್ನು ಈ ಮೂಲೆಯಿಂದ ಅವರಿಗೆ ತಿಳಿಯದಂತೆ ತೆಗೆಯಬಲ್ಲ ಲೆನ್ಸ್ ಅದು. ಅದು ಕಂಡ ಕೂಡಲೇ ಹೆಂಗಸರು ಮುಖ ತಿರುಗಿಸುತ್ತಾರೆ, ಮಾತು ನಿಲ್ಲುತ್ತದೆ. 50 ಹಿಡಿದರೆ ನಾನೇ ಹತ್ತಿರ ಹೋಗಬೇಕು, ಸಲಾಂ ಹೇಳಬೇಕು, "ತೆಗೀಲಾ ಖಾಲಾ?" ಎಂದು ಕೇಳಬೇಕು. ಬೇಡ ಎಂದವರು ಚಿತ್ರದಲ್ಲಿ ಇರುವುದಿಲ್ಲ. ಇದನ್ನು ಯಾರೂ ಪಾಠವಾಗಿ ಹೇಳಿಕೊಡುವುದಿಲ್ಲ, ಆದರೆ ಜನಾನಾ ಕಡೆ ಎರಡನೇ ಸಲ ಕರೆ ಬರುವುದು ಇದರ ಮೇಲೆಯೇ.

ಈಗ ಬ್ಯಾಗ್. ಕಂಪನಿಯ ಹೆಸರು ಬರೆದ ಕ್ಯಾಮೆರಾ ಬ್ಯಾಗ್ ನಾನು ಒಯ್ಯುವುದಿಲ್ಲ. ಒಳಗೇನಿದೆಯೆಂದು ಬಸ್‌ಸ್ಟ್ಯಾಂಡಿಗೆಲ್ಲ ಸಾರಿದಂತೆ. ಹಳೆಯ ಕಾಲೇಜು ಬ್ಯಾಗಿನ ತಳಕ್ಕೆ ಅಮ್ಮಿ ಹಳೆಯ ರಜಾಯಿಯ ತುಂಡು ಹಾಕಿ, ನಡುವೆ ಎರಡು ಅಡ್ಡಗೋಡೆ ಹೊಲಿದುಕೊಟ್ಟಿದ್ದಾರೆ. ಕ್ಯಾಮೆರಾಕ್ಕೆ 18-55 ಹಾಕಿಯೇ, ಲೆನ್ಸ್ ಕೆಳಮುಖವಾಗಿ ಮಧ್ಯದ ಖಾನೆಯಲ್ಲಿ ಇಡುತ್ತೇನೆ. 50ಕ್ಕೆ ಮುಂದೆ ಹಿಂದೆ ಎರಡೂ ಮುಚ್ಚಳ ಹಾಕಿ, ಒಂದು ಕಾಲುಚೀಲದೊಳಗೆ ತೂರಿಸಿ ಪಕ್ಕದ ಖಾನೆಗೆ. ಕಾಲುಚೀಲ ಒಗೆದದ್ದಿರಲಿ, ನೂಲು ಬಿಡದಿರಲಿ. ನೀರಿನ ಬಾಟಲಿ, ಅತ್ತರು, ಮೆಹಂದಿ ಕೋನ್ ಈ ಬ್ಯಾಗಿಗೆ ನಿಷಿದ್ಧ. ಮಳೆಗೆಂದು ದೊಡ್ಡ ಪ್ಲಾಸ್ಟಿಕ್ ಚೀಲವೊಂದು ಮೇಲೆ ಮಡಿಸಿಟ್ಟಿರುತ್ತದೆ. ಬಸ್ಸಿನಲ್ಲಿ ಬ್ಯಾಗ್ ತೊಡೆಯ ಮೇಲೆ. ಮೇಲಿನ ರ್‍ಯಾಕಿನಿಂದ ಬೀಳಬಹುದು, ಕಾಲ ಬಳಿ ಇಟ್ಟರೆ ಬಸ್ಸಿನ ನಡುಕವೆಲ್ಲ ಲೆನ್ಸ್‌ಗೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸು ನಮಗೆ ಉಚಿತ, ನಿಜ. ಆದರೆ ಕ್ಯಾಮೆರಾ ಇದ್ದ ದಿನ ಸೀಟು ಸಿಗುವ ಖಾಸಗಿ ಬಸ್ಸಿಗೆ ದುಡ್ಡು ಕೊಟ್ಟೇ ಹೋಗುತ್ತೇನೆ. ಅರ್ಥಶಾಸ್ತ್ರ ಓದುವವರು ಇದಕ್ಕೆ ಅವಕಾಶ ವೆಚ್ಚವೆನ್ನಲಿ, ಬೇರೇನಾದರೂ ಎನ್ನಲಿ.

ಮೆಮರಿ ಕಾರ್ಡುಗಳು ಎರಡು. ಜನಾನಾ ಕಡೆಯ ಕಾರ್ಡಿಗೆ ಕೆಂಪು ದಾರ ಕಟ್ಟಿದ ಪುಟ್ಟ ಪರ್ಸ್. ಅದು ಮಾಮೂನ ಕಂಪ್ಯೂಟರಿಗೆ ಹೋಗುವುದಿಲ್ಲ, ನನ್ನ ಮೊಬೈಲಿಗೂ ಇಲ್ಲ. ಕೆಲಸ ಮುಗಿದ ಮೇಲೆ ದುಲ್ಹನ್‌ಳ ತಾಯಿಯ ಕೈಗೆ ಕೊಟ್ಟು ಬರುತ್ತೇನೆ. ಕಾರ್ಡಿನ ಬೆಲೆ ಮೊದಲೇ ಲೆಕ್ಕದಲ್ಲಿ ಸೇರಿರುತ್ತದೆ. ಬಣ್ಣ ತಿದ್ದಬೇಕೆಂದರೆ ಇನ್ನೊಂದು ದಿನ ಅವರ ಮನೆಗೇ ಹೋಗಿ ಅವರೆದುರು ಮಾಡಿಕೊಡುತ್ತೇನೆ.

ಮಲೆನಾಡಿನ ಅಂಚಿನಲ್ಲಿರುವ ನಮಗೆ ಕಳ್ಳರಿಗಿಂತ ದೊಡ್ಡ ಭಯ ಬೂಷ್ಟು. ತೇವದಲ್ಲಿ ಮುಚ್ಚಿಟ್ಟ ಲೆನ್ಸ್‌ನ ಗಾಜಿನ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬುತ್ತದೆ, ಗಾಜಿನ ಲೇಪವನ್ನೇ ತಿನ್ನುತ್ತದೆ. ಸವಕಳಿಯನ್ನು ನಾವು ವರ್ಷಕ್ಕಿಷ್ಟೆಂದು ಬರೆಯುತ್ತೇವೆ. ಬೂಷ್ಟು ಒಂದೇ ಮಳೆಗಾಲದಲ್ಲಿ ಪುಸ್ತಕ ಮೌಲ್ಯವನ್ನು ಸೊನ್ನೆ ಮಾಡಬಲ್ಲದು. ಆದ್ದರಿಂದ ಲೆನ್ಸ್‌ಗಳು ಬ್ಯಾಗಿನಲ್ಲಿ ರಾತ್ರಿ ಕಳೆಯಬಾರದು. ಮನೆಗೆ ಬಂದ ಕೂಡಲೇ ಒಣಬಟ್ಟೆಯಿಂದ ಹೊರಮೈ ಒರೆಸಿ, ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ಬಿಟ್ಟು, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಕೆಲವರು ಅಕ್ಕಿ ಹಾಕುತ್ತಾರೆ. ಅದರ ಪುಡಿ ಜೂಮಿನ ಸಂದಿಗೆ ಹೋಗುತ್ತದೆ, ಬೇಡ. ನೀಲಿ ಹರಳು ಗುಲಾಬಿಯಾದರೆ ನೀರು ಕುಡಿದು ತುಂಬಿದೆ ಎಂದರ್ಥ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಗೆ ಇಟ್ಟರೆ ಮತ್ತೆ ನೀಲಿಗೆ ತಿರುಗುತ್ತದೆ. ಪೂರ್ತಿ ತಣಿದ ಮೇಲೆ ಡಬ್ಬಿಗೆ ಹಾಕಿ, ಚಿಕ್ಕ ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿಡಿ.