ಎಷ್ಟು ಊರು ಬಿಡುತ್ತೀರೋ ಅಷ್ಟು ದುಡ್ಡು ಉಳಿಯುತ್ತದೆ

ನಾವು ಗಂಡ-ಹೆಂಡತಿ ಐರ್ಲೆಂಡಿನ ಪಶ್ಚಿಮ ಕರಾವಳಿ ನೋಡಿಕೊಂಡು ಬಂದೆವು ಎಂದರೆ ಸಾಕು, ಎಲ್ಲರೂ ಮೊದಲು ಕೇಳುವುದು ‘ಒಟ್ಟು ಎಷ್ಟಾಯ್ತು?’ ಎಂದು. ಮೊತ್ತ ಹೇಳುವ ಮುಂಚೆ ನಾನೇ ಅವರನ್ನು ಕೇಳುತ್ತೇನೆ: ‘ಅಲ್ಲಿ ಎಷ್ಟು ದೂರ ಸುತ್ತುವ ಯೋಚನೆ?’ ಒಂದು ಯೂರೋ ನೂರು ರೂಪಾಯಿ ದಾಟಿರುವಾಗ ವಿಮಾನದ ಟಿಕೆಟ್ಟಿಗೇ ಎದೆ ಝಲ್ಲೆನ್ನುವುದು ಸಹಜ. ಆದರೆ ಟಿಕೆಟ್ಟಿನ ದರ ನಮ್ಮ ಕೈಯಲ್ಲಿಲ್ಲ. ಅಲ್ಲಿ ಇಳಿದ ಮೇಲೆ ಹಿಡಿಯುವ ದಾರಿ ಮಾತ್ರ ಪೂರ್ತಿ ನಮ್ಮದು. ಜೇಬಿಗೆ ಕತ್ತರಿ ಬೀಳುವುದೂ ದುಡ್ಡು ಉಳಿಯುವುದೂ ಅಲ್ಲೇ.

ಅಲ್ಲಿನ ಪ್ರವಾಸೋದ್ಯಮ ಸಂಸ್ಥೆ 2014ರಲ್ಲಿ ‘ವೈಲ್ಡ್ ಅಟ್ಲಾಂಟಿಕ್ ವೇ’ ಎಂಬ ಮಾರ್ಗವನ್ನು ಗುರುತಿಸಿತು. ಉತ್ತರದಲ್ಲಿ ಡೊನೆಗಾಲ್ ಕೌಂಟಿಯ ಇನಿಶೋವೆನ್‌ನಿಂದ ದಕ್ಷಿಣದಲ್ಲಿ ಕಾರ್ಕ್ ಕೌಂಟಿಯ ಕಿನ್ಸೇಲ್‌ವರೆಗೆ, ಸಮುದ್ರದ ಅಂಚಿನಲ್ಲೇ ಸುಮಾರು 2,500 ಕಿ.ಮೀ. ನಕ್ಷೆ ನೋಡಿದವರಿಗೆ ಪೂರ್ತಿ ಮುಗಿಸಿಬಿಡೋಣ ಅನ್ನಿಸುತ್ತದೆ. ಅಷ್ಟು ದುಡ್ಡು ಕೊಟ್ಟು ಹೋಗಿ ಅರ್ಧಕ್ಕೇ ಏಕೆ ವಾಪಸು ಬರಬೇಕು ಎಂಬ ನಮ್ಮ ಮಧ್ಯಮ ವರ್ಗದ ತರ್ಕ ನನಗೂ ಚೆನ್ನಾಗಿ ಗೊತ್ತು. ಆದರೆ ಲೆಕ್ಕ ಹಾಕಿ ನೋಡಿ. ಇಡೀ ಮಾರ್ಗ ಹಿಡಿದರೆ ಪ್ರತಿ ರಾತ್ರಿ ಹೊಸ ಊರು, ಒಂದೊಂದೇ ರಾತ್ರಿಯ ಕೋಣೆ. ಅಡುಗೆಮನೆ ಇರುವ ಮನೆ ಹಿಡಿಯುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ, ಮೂರು ಹೊತ್ತೂ ಹೋಟೆಲ್ ಊಟ, ಮೊದಲ ದಿನದಿಂದ ಕೊನೆಯ ದಿನದವರೆಗೂ ಕಾರಿನ ಬಾಡಿಗೆ. ನೋಡುವ ಜಾಗಕ್ಕಿಂತ ನಡುವಿನ ರಸ್ತೆಗೇ ಹೆಚ್ಚು ಖರ್ಚಾಗುತ್ತದೆ. ನಾವು ಗಾಲ್ವೇ ಮತ್ತು ಕ್ಲೇರ್ ಕೌಂಟಿಗಳೆರಡನ್ನೇ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟೆವು. ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಹಣ ಉಳಿಸಿದ ತೀರ್ಮಾನ ಅದೊಂದೇ.

ಅಲ್ಲಿನ ಕಿಲೋಮೀಟರಿಗೂ ನಮ್ಮ ಹೆದ್ದಾರಿಯ ಕಿಲೋಮೀಟರಿಗೂ ತಾಳೆಯಿಲ್ಲ. ಕೆರಿ ಕೌಂಟಿಯ ‘ರಿಂಗ್ ಆಫ್ ಕೆರಿ’ ಸುತ್ತು 179 ಕಿ.ಮೀ. ಇದ್ದರೂ ಒಂದಿಡೀ ದಿನ ಬೇಡುತ್ತದೆ. ಎರಡೂ ಕಡೆ ಕಲ್ಲಿನ ಗೋಡೆ ಅಥವಾ ಬೇಲಿ, ನಡುವೆ ಒಂದೂವರೆ ಕಾರಿನಷ್ಟು ಅಗಲದ ರಸ್ತೆ. 2025ರ ಫೆಬ್ರುವರಿಯಿಂದ ಹಳ್ಳಿಯ ಸ್ಥಳೀಯ ರಸ್ತೆಗಳ ವೇಗಮಿತಿಯನ್ನು 80ರಿಂದ 60 ಕಿ.ಮೀ.ಗೆ ಇಳಿಸಿದ್ದಾರೆ. ಕ್ಲೇರ್‌ನಿಂದ ಕೆರಿಗೆ ಹೋಗುವವರಿಗೆ ಶಾನನ್ ನದಿಯ ಮುಖದಲ್ಲಿ ಕಿಲ್ಲಿಮರ್–ಟಾರ್ಬರ್ಟ್ ಕಾರು ಫೆರ್ರಿ ಇದೆ. ಇಪ್ಪತ್ತು ನಿಮಿಷದ ದಾಟು, 137 ಕಿ.ಮೀ. ಸುತ್ತು ತಪ್ಪುತ್ತದೆ. ಉಳಿಯುವ ಪೆಟ್ರೋಲಿಗಿಂತ ಫೆರ್ರಿಯ ಟಿಕೆಟ್ಟೇ ಸ್ವಲ್ಪ ಜಾಸ್ತಿ. ಆದರೂ ಸಾಕಷ್ಟು ಸಮಯ ನಮಗೆ ಉಳಿಯುತ್ತದಲ್ಲ, ಆ ದುಡ್ಡನ್ನು ಸಂತೋಷವಾಗಿ ಕೊಡಿ.

ಭಾರತದಿಂದ ನೇರ ವಿಮಾನವಿಲ್ಲ. ಕೊಲ್ಲಿಯ ಮೂಲಕ ಹೋಗುವವರು ಇಳಿಯುವುದು ಪೂರ್ವ ತೀರದ ಡಬ್ಲಿನ್‌ನಲ್ಲಿ. ಅಲ್ಲೇ ಕಾರು ಹಿಡಿಯಬೇಡಿ. ವಿಮಾನ ನಿಲ್ದಾಣದಿಂದಲೇ ಗಾಲ್ವೇ ನಗರಕ್ಕೆ ಕೋಚ್ ಬಸ್ಸುಗಳಿವೆ, ಮೂರು ಗಂಟೆಯೊಳಗೆ ತಲುಪಿಸುತ್ತವೆ. ಕಾರು ಹಿಡಿದರೆ ಎಂ50 ಹೆದ್ದಾರಿಯ ಟೋಲ್ ಎದುರಾಗುತ್ತದೆ. ಅಲ್ಲಿ ಗೇಟೂ ಇಲ್ಲ, ಹಣ ತೆಗೆದುಕೊಳ್ಳುವವರೂ ಇಲ್ಲ. ಕ್ಯಾಮೆರಾ ನಂಬರು ಹಿಡಿಯುತ್ತದೆ, ಮರುದಿನ ರಾತ್ರಿ 8 ಗಂಟೆಯೊಳಗೆ ನಾವೇ ಕಟ್ಟಬೇಕು, ತಪ್ಪಿದರೆ ದಂಡ. ನಿದ್ದೆಗೆಟ್ಟು ಬಂದಿಳಿದ ದಿನ ಈ ಜಂಜಾಟ ಬೇಡ. ಗಾಲ್ವೇಯಲ್ಲಿ ನೆಲೆಸಿದರೆ ಮೊದಲ ಕೆಲವು ದಿನ ಕಾರೇ ಬೇಕಿಲ್ಲ. ಕ್ಲೇರ್ ಕರಾವಳಿಯ ಮೋಹರ್ ಎಂಬ ಕಡಿದಾದ ಬಂಡೆಗಳಿಗೆ ಸರ್ಕಾರಿ ಬಸ್ಸು, 350 ನಂಬರಿನದು, ಡೂಲಿನ್ ಹಳ್ಳಿಯ ಮೇಲೆ ಹಾದು ಹೋಗುತ್ತದೆ. ಕಾರು ಬೇಕೆನಿಸುವುದು ಗಾಲ್ವೇ ಕೌಂಟಿಯ ಕಾನೆಮಾರಾ ಪ್ರದೇಶದ ಒಳದಾರಿಗಳಿಗೆ. ಆಗ ಗಾಲ್ವೇಯಲ್ಲೇ ಬಾಡಿಗೆಗೆ ಪಡೆಯಿರಿ.

ಕಾರಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ದೊಡ್ಡ ಮೊತ್ತ ಕೈಜಾರುವುದು ಇಲ್ಲೇ. ನಮ್ಮವರಿಗೆ ಎರಡು ಅನುಕೂಲಗಳಿವೆ. ಅಲ್ಲಿಯೂ ರಸ್ತೆಯ ಎಡಬದಿಯಲ್ಲೇ ಓಡಿಸುತ್ತಾರೆ. ಗೇರ್ ಕಾರಿನ ಬಾಡಿಗೆ ಆಟೊಮ್ಯಾಟಿಕ್‌ಗಿಂತ ಸಾಕಷ್ಟು ಕಡಿಮೆ, ಮತ್ತು ಗೇರ್ ನಮಗೆ ಹೊಸದಲ್ಲ. ನಮ್ಮ ಲೈಸೆನ್ಸ್ ನಡೆಯುತ್ತದೆ, ಜೊತೆಗೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ ಇದ್ದರೆ ಕೌಂಟರಿನಲ್ಲಿ ಪ್ರಶ್ನೆ ಕಡಿಮೆ. ಆದರೆ ಜಾಲತಾಣದಲ್ಲಿ ಕಂಡ ಅಗ್ಗದ ಬಾಡಿಗೆಯನ್ನೇ ಪೂರ್ತಿ ಖರ್ಚು ಅಂದುಕೊಳ್ಳಬೇಡಿ. ಕೌಂಟರಿನ ಹುಡುಗ ಒಪ್ಪಂದದ ಹಾಳೆಯನ್ನು ನಮ್ಮ ಕಡೆ ತಿರುಗಿಸಿ ಒಂದು ಸಾಲಿನ ಮೇಲೆ ಪೆನ್ನಿಟ್ಟ. ಕಾರಿಗೆ ಪೆಟ್ಟಾದರೆ ಮೊದಲ 2,000 ಯೂರೋ ನಮ್ಮ ತಲೆಯ ಮೇಲೆ. ಅದನ್ನು ಶೂನ್ಯಕ್ಕೆ ಇಳಿಸಲು ದಿನಕ್ಕಿಷ್ಟು ಎಂದು ಅವನು ಹೇಳಿದ ವಿಮೆಯ ದರ ಕಾರಿನ ದಿನದ ಬಾಡಿಗೆಯ ಹತ್ತಿರಕ್ಕೇ ಬರುತ್ತಿತ್ತು. ನಾವು ಇದಕ್ಕೆಂದೇ ಬೇರೆ ಕಂಪನಿಯ ‘ಎಕ್ಸೆಸ್’ ವಿಮೆಯನ್ನು ಮನೆಯಿಂದಲೇ ಕೊಂಡಿದ್ದೆವು, ಅವನು ಹೇಳಿದ ದರದ ಒಂದು ಪಾಲಿಗೆ. ಅಂಥ ಪಾಲಿಸಿ ಭಾರತದ ನಿವಾಸಿಗಳಿಗೆ ಅನ್ವಯಿಸುತ್ತದೆಯೇ, ಟೈರು, ಗಾಜು, ಕನ್ನಡಿಗಳೂ ಅದರೊಳಗೆ ಬರುತ್ತವೆಯೇ ಎಂದು ಕೊಳ್ಳುವಾಗಲೇ ಓದಿಕೊಳ್ಳಿ. ಆ ರಸ್ತೆಗಳಲ್ಲಿ ಮೊದಲು ಪೆಟ್ಟು ತಿನ್ನುವುದು ಕನ್ನಡಿ ಮತ್ತು ಟೈರು.

ಹೊರಗಿನ ವಿಮೆ ಇದ್ದರೂ ಬಾಡಿಗೆ ಕಂಪನಿ ಆ 2,000 ಯೂರೋವನ್ನು ನಮ್ಮ ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿಯುತ್ತದೆ. ಅಂದರೆ ಎರಡು ಲಕ್ಷ ರೂಪಾಯಿಗೂ ಮಿಕ್ಕಿದ ಮಿತಿ ಕಾರು ವಾಪಸು ಕೊಡುವವರೆಗೆ ಕಟ್ಟಿಹಾಕಿದಂತೆ. ಇದಕ್ಕೆ ಪ್ರೀಪೇಯ್ಡ್ ಫಾರೆಕ್ಸ್ ಕಾರ್ಡನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ, ಡೆಬಿಟ್ ಕಾರ್ಡಿಗೂ ತಕರಾರು. ಕಾರು ಓಡಿಸುವವರ ಹೆಸರಿನಲ್ಲೇ, ಸಾಕಷ್ಟು ಮಿತಿ ಖಾಲಿ ಇರುವ ಕ್ರೆಡಿಟ್ ಕಾರ್ಡ್ ಇರಲೇಬೇಕು. ಕೋಣೆ, ಊಟಕ್ಕೆ ಬೇರೆ ಕಾರ್ಡ್ ಇಟ್ಟುಕೊಳ್ಳಿ. ಗಾಡಿ ಪಡೆದಾಗ ನಾಲ್ಕೂ ಕಡೆಯ ಫೋಟೊ ತೆಗೆಯಿರಿ, ಹಿಂದಿರುಗಿಸುವಾಗಲೂ ತೆಗೆಯಿರಿ.

ಕಾರ್ಡಿನ ಮಾತು ಬಂದಾಗ ಇನ್ನೊಂದು. ಡೂಲಿನ್‌ನ ಪಬ್ಬಿನಲ್ಲಿ ಸೂಪು, ಬ್ರೆಡ್ಡು ಮುಗಿಸಿ ಕಾರ್ಡ್ ಕೊಟ್ಟೆ. ಮಷಿನ್ನಿನ ಪರದೆಯಲ್ಲಿ ಎರಡು ಸಾಲು ಮೂಡಿದವು: ಮೇಲೆ ರೂಪಾಯಿ ಮೊತ್ತ, ಕೆಳಗೆ ಯೂರೋ ಮೊತ್ತ, ಯಾವುದರಲ್ಲಿ ಕೊಡುತ್ತೀರಿ ಎಂಬ ಪ್ರಶ್ನೆ. ಪರದೇಶದಲ್ಲಿ ರೂಪಾಯಿ ಕಂಡರೆ ಯಾರಿಗಾದರೂ ಅದನ್ನೇ ಒತ್ತುವ ಮನಸ್ಸಾಗುತ್ತದೆ. ಒತ್ತಬೇಡಿ. ರೂಪಾಯಿ ಆರಿಸಿದರೆ ವಿನಿಮಯ ದರವನ್ನು ಆ ಮಷಿನ್ನಿನ ಹಿಂದಿರುವ ಸಂಸ್ಥೆ ತನಗೆ ಬೇಕಾದಂತೆ ಹಾಕಿಕೊಳ್ಳುತ್ತದೆ. ಯಾವಾಗಲೂ ಯೂರೋವನ್ನೇ ಆರಿಸಿ. ನಮ್ಮ ಬಹಳಷ್ಟು ಕ್ರೆಡಿಟ್ ಕಾರ್ಡುಗಳು ಅದರ ಮೇಲೆ 3.5% ವಿನಿಮಯ ಶುಲ್ಕ, ಆ ಶುಲ್ಕದ ಮೇಲೆ 18% ಜಿಎಸ್‌ಟಿ ಹಾಕುತ್ತವೆ. ಲಕ್ಷ ರೂಪಾಯಿ ಖರ್ಚಿಗೆ 4,130 ರೂಪಾಯಿ. ಈ ಶುಲ್ಕ ಕಡಿಮೆ ಇರುವ ಅಥವಾ ಇಲ್ಲವೇ ಇಲ್ಲದ ಕಾರ್ಡುಗಳೂ ಇವೆ. ಹೊರಡುವುದಕ್ಕೆ ಎರಡು ಮೂರು ತಿಂಗಳ ಮುಂಚೆ ಅಂಥದ್ದೊಂದನ್ನು ಮಾಡಿಸಿಕೊಂಡರೆ ಒಬ್ಬರ ಆರಾನ್ ದ್ವೀಪಯಾನದ (ಅದರ ಬಗ್ಗೆ ಮುಂದೆ ಹೇಳುತ್ತೇನೆ) ಖರ್ಚು ಅಲ್ಲೇ ಹುಟ್ಟುತ್ತದೆ. ಪ್ಯಾಕೇಜ್ ಟೂರ್ ಕೊಳ್ಳುವವರಿಂದ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಎಂದು ಹಿಡಿಯುವ ಹಣವನ್ನು ಮಾತ್ರ ನಷ್ಟವೆಂದು ತಿಳಿಯಬೇಡಿ, ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಅದನ್ನು ಕೇಳಿ ಪಡೆಯಬಹುದು.

ಬೇಸಿಗೆಯಲ್ಲಿ ಬಿ ಅಂಡ್ ಬಿ ಕೋಣೆ ಇಬ್ಬರಿಗೆ ರಾತ್ರಿಗೆ 100ರಿಂದ 150 ಯೂರೋ, ಬೆಳಗಿನ ಉಪಾಹಾರ ಸೇರಿ. ಸಸ್ಯಾಹಾರಿಗಳೆಂದು ಮೊದಲೇ ಹೇಳಿದರೆ ಗಂಜಿಯಂಥ ಓಟ್ಸ್, ಸೋಡಾ ಬ್ರೆಡ್, ಅಣಬೆ, ಟೊಮೆಟೊ, ಬೀನ್ಸ್ ಹೊಟ್ಟೆ ತುಂಬ ಬಡಿಸುತ್ತಾರೆ. ಮಧ್ಯಾಹ್ನ ಎರಡರವರೆಗೆ ಹಸಿವೆಯ ಮಾತಿಲ್ಲ. ನಲ್ಲಿ ನೀರನ್ನೇ ಕುಡಿಯಬಹುದು. ಗಾಲ್ವೇಯಲ್ಲಿ ಅಡುಗೆಮನೆಯಿರುವ ಮನೆ ಹಿಡಿದಿದ್ದರಿಂದ ರಾತ್ರಿ ಅನ್ನ-ಸಾರು ನಮ್ಮದೇ. ಜುಲೈ ತಿಂಗಳ ಕೊನೆಯ ಸೋಮವಾರ ಶುರುವಾಗುವ ಕುದುರೆ ರೇಸಿನ ವಾರ ಮಾತ್ರ ಗಾಲ್ವೇ ಕಡೆ ತಲೆ ಹಾಕಬೇಡಿ, ಕೋಣೆಯ ದರ ಮುಗಿಲು ಮುಟ್ಟಿರುತ್ತದೆ. ಮೇ ಮತ್ತು ಜೂನ್ ಒಳ್ಳೆಯದು. ಜೂನ್‌ನಲ್ಲಿ ಹಗಲು ಹದಿನೇಳು ಗಂಟೆ, ಕೊಟ್ಟ ದುಡ್ಡಿಗೆ ಬೆಳಕೂ ಹೆಚ್ಚು ಸಿಗುತ್ತದೆ.

ಖರ್ಚು ಮಾಡಲೇಬೇಕಾದದ್ದು ಆರಾನ್ ದ್ವೀಪಕ್ಕೆ. ಗಾಲ್ವೇಯ ಪಶ್ಚಿಮಕ್ಕಿರುವ ರೊಸಾವೀಲ್ ಬಂದರಿನಿಂದ ನಲವತ್ತು ನಿಮಿಷ ದೋಣಿ. ಆರಾನ್ ದ್ವೀಪಗಳಲ್ಲೊಂದಾದ ಇನಿಶ್‌ಮೋರ್‌ನಲ್ಲಿ ಬಾಡಿಗೆ ಸೈಕಲ್ ಹತ್ತಿ ಡೂನ್ ಏಂಗಸ್ ಕೋಟೆಗೆ ಹೋಗಬಹುದು. ಕಡಿದಾದ ಬಂಡೆಯ ಅಂಚಿಗೇ ಕಟ್ಟಿದ ಇತಿಹಾಸಪೂರ್ವ ಕಲ್ಲುಕೋಟೆ, ಆಚೆ ಕೆಳಗೆ ಅಟ್ಲಾಂಟಿಕ್. ಅಲ್ಲಿ ಕೂತಾಗ ಯೂರೋ-ರೂಪಾಯಿ ಲೆಕ್ಕ ನನಗೆ ನಿಜಕ್ಕೂ ಮರೆತುಹೋಗಿತ್ತು. 214 ಮೀಟರ್ ಎತ್ತರದ ಮೋಹರ್ ಬಂಡೆಗಳ ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಮುಂಚೆಯೇ, ಜನ ಕಡಿಮೆ ಇರುವ ಹೊತ್ತಿಗೆ ಕೊಂಡರೆ ಅಗ್ಗ. ಕಾನೆಮಾರಾ ರಾಷ್ಟ್ರೀಯ ಉದ್ಯಾನ, ಕ್ಲೇರ್‌ನಲ್ಲಿರುವ ಬರೆನ್‌ನ ಸುಣ್ಣಕಲ್ಲಿನ ಬಯಲು, ಅಲ್ಲಿ ಐದು ಸಾವಿರ ವರ್ಷಕ್ಕೂ ಹಳೆಯದಾದ ಪೌಲ್‌ನಬ್ರೋನ್ ಶಿಲಾಸಮಾಧಿ, ಇವೆಲ್ಲ ಉಚಿತ. ಕೆರಿ ತೀರದ ಸ್ಕೆಲಿಗ್ ಮೈಕೆಲ್ ದ್ವೀಪವನ್ನು ನಂಬಿಕೊಂಡು ಮಾತ್ರ ಪ್ರವಾಸ ರೂಪಿಸಬೇಡಿ. ದಿನಕ್ಕೆ 180 ಜನರಿಗಷ್ಟೇ ಅವಕಾಶ, ದರ ತಲೆಗೆ 100 ಯೂರೋಗೂ ಮೇಲೆ, ಅಲೆ ಎದ್ದರೆ ದೋಣಿಯೇ ಹೊರಡುವುದಿಲ್ಲ. ಟಿಕೆಟ್ ಹಣ ವಾಪಸು ಬಂದರೂ ಅದಕ್ಕಾಗಿ ಹಿಡಿದ ಕೋಣೆಯ ಹಣ ಬರುವುದಿಲ್ಲ.

ಇನ್ನು ವೀಸಾ. ಇಲ್ಲಿ ಕೊನೆಗೆ ಬರೆದರೂ ಕ್ಯಾಲೆಂಡರಿನಲ್ಲಿ ಇದೇ ಮೊದಲು. ಐರ್ಲೆಂಡ್ ಷೆಂಗೆನ್ ಕೂಟದಲ್ಲಿಲ್ಲ, ಹಾಗಾಗಿ ಯುರೋಪಿನ ವೀಸಾ ಅಲ್ಲಿ ನಡೆಯದು. ಒಂದು ಪ್ರವೇಶದ ವೀಸಾಕ್ಕೆ 60 ಯೂರೋ ಶುಲ್ಕ, ತಿರಸ್ಕಾರವಾದರೆ ಅದು ವಾಪಸಿಲ್ಲ. ಡೊನೆಗಾಲ್‌ನಿಂದ ಡೆರ್ರಿಗೆ ಹೋಗುವಾಗ ಗಡಿಯಲ್ಲಿ ಯಾರೂ ತಡೆಯದಿದ್ದರೂ ಡೆರ್ರಿ ಬ್ರಿಟನ್ನಿಗೆ ಸೇರಿದ್ದು. ಎರಡೂ ದೇಶಕ್ಕೆ ಸಲ್ಲುವ ಬ್ರಿಟಿಷ್-ಐರಿಷ್ ವೀಸಾ ಯೋಜನೆಯ ಮುದ್ರೆ ಇಲ್ಲದೆ ಆ ಕಡೆ ಕಾರು ತಿರುಗಿಸಬೇಡಿ. ವೀಸಾ ಕೈಸೇರುವವರೆಗೆ ವಿಮಾನದ ಟಿಕೆಟ್ ಕೊಳ್ಳಬೇಡಿ ಎಂದು ಅಲ್ಲಿನ ವಲಸೆ ಇಲಾಖೆಯೇ ಹೇಳುತ್ತದೆ. ಕೋಣೆಗಳನ್ನೂ ಉಚಿತವಾಗಿ ರದ್ದು ಮಾಡುವ ಷರತ್ತಿನಲ್ಲೇ ಹಿಡಿಯಿರಿ, ದರ ತುಸು ಹೆಚ್ಚಾದರೂ ಚಿಂತೆಯಿಲ್ಲ.

ವೀಸಾ ಅಧಿಕಾರಿಗಳು ಆರು ತಿಂಗಳ ಬ್ಯಾಂಕ್ ವಿವರ ಕೇಳುತ್ತಾರೆ, ದೊಡ್ಡ ಜಮೆಗಳಿಗೆ ವಿವರಣೆ ಬಯಸುತ್ತಾರೆ. ಅರ್ಜಿಯ ಹಿಂದಿನ ವಾರ ಎಫ್‌ಡಿ ಮುರಿದು ಖಾತೆ ತುಂಬಿಸುವ ಬದಲು ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕೂಡಿಹಾಕಿ. ಅರ್ಜಿ ಹಾಕಬಹುದಾದದ್ದು ಪ್ರಯಾಣದ ಮೂರು ತಿಂಗಳೊಳಗೆ. ಅಂದರೆ ಬರುವ ಜೂನ್‌ಗೆ ಹೋಗುವ ಮನಸ್ಸಿದ್ದರೆ ಅರ್ಜಿ ಮಾರ್ಚ್‌ನಲ್ಲಿ. ಅದಕ್ಕೆ ಲಗತ್ತಿಸುವ ಬ್ಯಾಂಕ್ ವಿವರ ಶುರುವಾಗುವುದು ಸೆಪ್ಟೆಂಬರಿನಿಂದ.